ಸಿದ್ಧರಾಮ ಚಾಳಿನ ಕೆಂಪು ಚುಕ್ಕೆ

ಬೇಡಿಕೊಳ್ಳಲು ಬಂದವರು ಬಾಗಿಲು ಬಡಿಯುವ ರೀತಿಯೇ ಬೇರೆ. ಆ ಶನಿವಾರ ಬೆಳಿಗ್ಗೆ ಮುಲುಂಡಿನ ಮೂರನೇ ಮಹಡಿಯ ಬಾಗಿಲನ್ನು ಭಾಗವ್ವ ಬಡಿದದ್ದು ಜಗಳಕ್ಕೆ ಬಂದವಳ ಹಾಗೆ. ಒಳಗೆ ಚಹಾ ಕುಡಿಯುತ್ತಿದ್ದ ದೇವಾನಂದ ಎದ್ದು ಬಾಗಿಲು ತೆಗೆದನೋ ಇಲ್ಲವೋ, ಅವಳು ಅವನನ್ನು ದಾಟಿ ಬಂದು ಕುರ್ಚಿಯಲ್ಲಿ ಕೂತಾಗಿತ್ತು.

"ಇಲ್ಲಿ ರಜಿಯಾ ಮೇಡಂ ಅಂದ್ರ ಯಾರು? ಸುಳ್ಳನ್ನು ಸುಳ್ಳು ಅಂತ ತೋರಿಸಿ ಕೊಡ್ತಾರಂತ ಹೇಳ್ಯಾರ. ನಂಗ ಅದು ನಾಳೆ ನಾಕು ಗಂಟಿಗೆ ಬೇಕು."

ಮನೆ ರಜಿಯಾ ಇನಾಮದಾರರದು. ವಿಜಯಪುರದವರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವರು. ಕ್ಷಯರೋಗ ಯಾರಿಂದ ಯಾರಿಗೆ ಅಂಟಿತೆಂದು ಮುಂಬಯಿಯ ಓಣಿ ಓಣಿಗಳಲ್ಲಿ ಎಳೆ ಹಿಡಿದು ಹುಡುಕಿದವರು. ನಿವೃತ್ತಿಯಾದ ಮೇಲೆ ಅದೇ ವಿದ್ಯೆಯಿಂದ ಕಳ್ಳರನ್ನು ಹಿಡಿಯುವುದು ಅವರಿಗೆ ಚಟವಾಗಿತ್ತು. ಮೂವತ್ತು ವರ್ಷ ಲೋಕಲ್ ಟ್ರೇನಿನಲ್ಲಿ ಟಿಕೆಟ್ ತಪಾಸಣೆ ಮಾಡಿ ಮನೆಯಲ್ಲಿ ಕೂತಿದ್ದ ಪಕ್ಕದ ಫ್ಲ್ಯಾಟಿನ ದೇವಾನಂದನಿಗೆ ಅವರ ಬೆನ್ನು ಹತ್ತುವುದೇ ಚಟ. ಕರಾವಳಿಯ ಮನುಷ್ಯ. ಎದುರಿಗೆ ಕೂತವನ ಮುಖ ನೋಡಿದರೆ ಸಾಕು, ಟಿಕೆಟ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ ಎಂಬ ಅಹಂಕಾರ ಅವನಿಗೆ ಇನ್ನೂ ಹೋಗಿರಲಿಲ್ಲ.

ಭಾಗವ್ವ ಹೇಳಿದ ಕತೆ ಇಷ್ಟು. ಚೆಂಬೂರಿನ ಸಿದ್ಧರಾಮ ಚಾಳಿನಲ್ಲಿ ನಲವತ್ತೆಂಟು ಖೋಲಿಗಳು, ಒಂದೊಂದೇ ಕೋಣೆಯ ಮನೆಗಳು. ಹೆಚ್ಚಿನವರು ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರು. ಬಿಲ್ಡರ್ ಒಬ್ಬ ಚಾಳು ಕೆಡವಿ ಎಲ್ಲರನ್ನೂ ಊರಾಚೆ ಕಳಿಸುವ ಕರಾರು ತಂದಿದ್ದ. ನೆಲಮಹಡಿಯಲ್ಲಿ ಖಾನಾವಳಿ ನಡೆಸುವ ಭಾಗವ್ವ ಮನೆ ಮನೆ ತಿರುಗಿ 'ಒಪ್ಪಿಗೆ ಇಲ್ಲ' ಎಂಬ ಪತ್ರಗಳಿಗೆ ನಲವತ್ತೊಂದು ಹೆಬ್ಬೆಟ್ಟು ಒತ್ತಿಸಿದ್ದಳು. ಪತ್ರಗಳು ಚಾಳಿನ ಕಮಿಟಿ ಸೇರುವ ಖೋಲಿಯ ಟ್ರಂಕಿನಲ್ಲಿದ್ದವು. ಸೋಮವಾರ ಸರ್ಕಾರಿ ಕಚೇರಿಯಲ್ಲಿ ವಿಚಾರಣೆ.

ಗುರುವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತರ ಸುಮಾರಿಗೆ ಚಾಳಿನಲ್ಲಿ ಸುದ್ದಿ ಹಬ್ಬಿತು: ರಿಫೈನರಿ ಕಡೆಯಿಂದ ಗ್ಯಾಸ್ ಸೋರಿದೆ, ಓಡಿ. ಆ ಭಾಗದಲ್ಲಿ ಈ ಮಾತಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ. ಇಡೀ ಚಾಳು ಮೈದಾನಕ್ಕೆ ಓಡಿತು. ಗ್ಯಾಸೂ ಇಲ್ಲ, ಸೋರಿಕೆಯೂ ಇಲ್ಲ ಎಂದು ತಿಳಿದು ಒಂದು ಗಂಟೆಗೆ ವಾಪಸು ಬಂದರೆ ಟ್ರಂಕಿನ ಬೀಗ ಮುರಿದಿತ್ತು. ಪತ್ರಗಳು ಮಾಯ.

"ಕಮಿಟಿಯವರು ನಮ್ಮ ಫೋನ್ ಇಸಗೊಂಡು ನೋಡಿ, ಸುದ್ದಿ ಹಬ್ಬಿಸಿದಾಕಿ ನಾನೇ ಅಂತ ಒಂದು ಚಿತ್ರ ತಗದಾರ್ರೀ," ಎಂದು ಭಾಗವ್ವ ಮಡಚಿದ ಕಾಗದ ಬಿಚ್ಚಿದಳು. "ಬಿಲ್ಡರ್ ನಂಗ ಒಂದು ಅಂಗಡಿ ಕೊಡ್ತಾನಂತ, ಅದಕ್ಕ ಮಾರಿಕೊಂಡೀನಂತ. ನಾಳೆ ಸಭಾ ಮಾಡಿ ನನ್ನ ಹೊರಗ ಹಾಕಿ ಪೊಲೀಸರಿಗೆ ಬರದು ಕೊಡ್ತಾರ. ತಪ್ಪಾಯ್ತು ಅಂತ ಬರದು ಕೊಟ್ಟರ ಪೊಲೀಸ್ ಬ್ಯಾಡ ಅಂತಾರ. ನಾ ಬರಿಯಂಗಿಲ್ಲ. ಮಾಡದ ತಪ್ಪಿಗೆ ನಮ್ಮವ್ವ ನಂಗ ಬಗ್ಗೂದು ಕಲಿಸಿಲ್ಲ."

ಕಾಗದದ ಮೇಲೆ ಹತ್ತಾರು ಕಪ್ಪು ಚುಕ್ಕೆಗಳು, ನಡುವೆ ಬಿಲ್ಲೆಯಷ್ಟು ದೊಡ್ಡ ಕೆಂಪು ಚುಕ್ಕೆ ಒಂದು. ಒಬ್ಬೊಬ್ಬರಿಗೆ ಒಂದು ಚುಕ್ಕೆ, ಒಂದೊಂದು ಫೋನ್ ಕರೆಗೆ ಒಂದು ಗೆರೆ; ಎಲ್ಲ ಗೆರೆಗಳೂ ಹೋಗಿ ಕೆಂಪು ಚುಕ್ಕೆಗೇ ಸೇರಿದ್ದವು. ಕೆಂಪು ಚುಕ್ಕೆಯ ಕೆಳಗೆ ಭಾಗವ್ವನ ಹೆಸರು. ದೇವಾನಂದ ಕಾಗದದ ಮೇಲೆ ಬಾಗಿದ. ಇಷ್ಟು ಸ್ಪಷ್ಟವಾಗಿ ಒಬ್ಬರ ಮೇಲೆ ಬೆರಳು ತೋರಿಸುವ ಕಾಗದವನ್ನು ಅವನು ಕಂಡಿರಲಿಲ್ಲ.

"ಇದನ್ನ ತಗದಾಂವ ಯಾರು?" ರಜಿಯಾ ಕೇಳಿದರು.

"ಅನಿಲ. ಕಂಪ್ಯೂಟರ್ ಓದ್ಯಾನ. ಕಮಿಟಿ ಸೆಕ್ರೆಟರಿ ಸೋಮನಾಥನ ಅಕ್ಕನ ಮಗ."

"ಗುರುವಾರ ನೀವು ಯಾರಿಗರೆ ಫೋನ್ ಮಾಡಿದ್ರೇನು?"

"ಮಾಡೀನಿ. ಏಳು ಮಂದಿಗೆ. ಮ್ಯಾಲಿನ ಮಹಡಿ ಮುದುಕರು, ಬಾಣಂತಿ ಇದ್ದ ಮನಿ. ಓಡ್ರಿ ಅಂದೆ. ನಾಳೆ ಮತ್ತ ಗ್ಯಾಸ್ ಸುದ್ದಿ ಬಂದ್ರ ಮತ್ತ ಮಾಡ್ತೀನಿ."

ರಜಿಯಾ ಚಪ್ಪಲಿ ಮೆಟ್ಟಿದರು. "ಪತ್ರ ಇನ್ನೊಮ್ಮೆ ಬರೀಬಹುದು. ಆದ್ರ ನಿಮ್ಮ ಮ್ಯಾಲಿನ ಭರವಸಿ ಹೋದ್ರ ಹೆಬ್ಬೆಟ್ಟು ಇನ್ನೊಮ್ಮೆ ಬೀಳಂಗಿಲ್ಲ. ಕಳ್ಳ ಕದ್ದದ್ದು ಆ ಭರವಸಿನ್ನ. ನಡೀರಿ."

ಕುರ್ಲಾದಲ್ಲಿ ಗಾಡಿ ಬದಲಿಸಿ ಮೂವರೂ ಚೆಂಬೂರಿಗೆ ಬಂದರು. ಅನಿಲ ಲ್ಯಾಪ್‌ಟಾಪ್ ಸಮೇತ ಕಮಿಟಿ ಖೋಲಿಯಲ್ಲೇ ಸಿಕ್ಕ. ನಯವಾದ ಮನುಷ್ಯ. ತನ್ನ ಚಿತ್ರದ ಮೇಲೆ ಅವನಿಗೆ ಹೆತ್ತವರ ಪ್ರೀತಿ.

"ಆಂಟಿ, ಐ ಹ್ಯಾವ್ ನಥಿಂಗ್ ಅಗೇನ್ಸ್ಟ್ ಹರ್. ಡೇಟಾ ಮೇ ಜೋ ದಿಖಾ, ನಾನು ಅದೇ ತೋರಿಸ್ದೆ. ನೆಟ್‌ವರ್ಕ್‌ನಲ್ಲಿ ಸೆಂಟರ್‌ನಲ್ಲಿ ಯಾರಿದ್ದಾರೋ, ರೂಮರ್‌ನ ಸೋರ್ಸ್ ಮೋಸ್ಟ್ಲಿ ಅವರೇ. ಹತ್ತೂವರೆಯಿಂದ ಹನ್ನೊಂದೂಕಾಲು, ಜಸ್ಟ್ ಬಿಫೋರ್, ಥರ್ಟಿ ತ್ರೀ ಕಾಲ್ಸ್ ಇವರ ಫೋನಿಗೆ."

"ಯಾರ ಫೋನಿನಿಂದ ಶುರು ಮಾಡಿದಿ?"

"ಭಾಗವ್ವ ಆಂಟಿದು. ಮಾಮಾ ಹೇಳಿದ್ರು, ಅಲ್ಲಿಂದ ಶುರು ಮಾಡು ಅಂತ. ಅದರಲ್ಲಿದ್ದ ನಂಬರ್‌ಗಳನ್ನ ಹಿಡಿದು ಒಬ್ಬೊಬ್ಬರ ಹತ್ರ ಹೋದೆ."

"ಪೂರಾ ಪಟ್ಟಿ ನಂಗ ಕೊಡು. ನೀ ಬ್ಯಾಡಂತ ತಗದು ಹಾಕಿದ್ದೂ ಸೇರಿಸಿ."

ಹದಿನೈದು ದಿನಗಳ ಕರೆಗಳ ಪಟ್ಟಿ ಬಂತು. ರಜಿಯಾ ಅದನ್ನು ಓದುತ್ತಾ ಕೂತಾಗ ಮಾಮಾ ಖುದ್ದಾಗಿ ಬಂದ. ಸೋಮನಾಥ ಅರವತ್ತು ದಾಟಿದ ಒಂಟಿ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಚಾಳಿನ ಅರ್ಜಿಗಳನ್ನೆಲ್ಲ ಬರೆದುಕೊಡುವವನು ಅವನೇ. ಭಾಗವ್ವನನ್ನು ಕಂಡು ತಲೆ ತಗ್ಗಿಸಿ ನಿಟ್ಟುಸಿರು ಬಿಟ್ಟ.

"ಅಕಿ ಕೈಯಾಗಿನ ರೊಟ್ಟಿ ತಿಂದಾಂವ ನಾನು. ನಂಗೂ ಸಂಕಟ ಅದ. ಆದ್ರ ಗುರುವಾರ ನಾ ಒಂದೊಂದು ಖೋಲಿ ಬಡದು ಎಲ್ಲಾರನ್ನೂ ಹೊರಗ ಕಳಿಸೀನಿ. ಸುದ್ದಿ ಬಂದಾಗಿಂದ ಹನ್ನೆರಡೂವರಿ ತನಕ ಕಟ್ಟಡ ಬಿಟ್ಟು ಒಂದು ಹೆಜ್ಜಿ ಇಟ್ಟಿಲ್ಲ. ಆಮ್ಯಾಲ ನೇರ ಮೈದಾನಕ್ಕ ಹೋದೆ. ಅಷ್ಟು ಕಷ್ಟಪಟ್ಟು ಕಾಯ್ದರೂ ಯಾರೋ ಹಿಂದಿನ ಗೇಟಿಂದ ಬಂದು ಒಯ್ದರು."

ಅಂಗಳದಲ್ಲಿ ಪಂಪಿನ ಬಳಿ ಇದ್ದ ಅಂಗಾರನೂ ಸೋಮನಾಥನ ಪರವಾಗಿಯೇ ಮಾತಾಡಿದ. ಮಂಗಳೂರು ಕಡೆಯವನು, ಚಾಳಿನ ನೀರು ಬಿಡುವವನು. ಊರ ಕಡೆಯ ಮಾತು ಕೇಳಿ ದೇವಾನಂದನಿಗೂ ಬಾಯಿ ಬಂತು.

"ಸೋಮಣ್ಣ ಒಳ್ಳೆಯ ಜನ ಮಾರಾಯ್ರೆ," ಎಂದ ಅಂಗಾರ. "ಮೈದಾನದಲ್ಲಿ ಎಲ್ಲರಿಗೂ ಹೊಟ್ಟೆ ಚುರುಗುಟ್ಟುವಾಗ ಕೈಯಲ್ಲಿದ್ದ ಕಟ್ಟು ಬಿಚ್ಚಿ ನನಗೆ ಎರಡು ಇಡ್ಲಿ ಕೊಟ್ಟರು. ಸ್ಟೇಷನ್ ಹತ್ತಿರದ ಹೋಟೆಲಿದ್ದು. ತಣ್ಣಗಾಗಿತ್ತು, ಆದರೆ ಆಗ ಅದೇ ಅಮೃತ."

ಇಷ್ಟರಲ್ಲಿ ರಜಿಯಾ ನಲವತ್ತೆಂಟು ಚೀಟಿಗಳ ಮೇಲೆ ಖೋಲಿಗಳ ನಂಬರು ಬರೆದು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಕುಲುಕಿದರು. ದೇವಾನಂದ ಕಣ್ಣು ಮುಚ್ಚಿ ಹನ್ನೆರಡು ಚೀಟಿ ಎತ್ತಬೇಕಂತೆ. ಹೌಸಿ ಆಡುವ ಹೊತ್ತೇ ಇದು ಎಂದು ಗೊಣಗುತ್ತಲೇ ಎತ್ತಿದ.

"ಅನಿಲ ಒಂದೇ ಬಾವಿಗೆ ಹಗ್ಗ ಇಳಿಸ್ಯಾನ," ಎಂದರು ರಜಿಯಾ. "ಎಷ್ಟು ಕೊಡ ಎತ್ತಿದ್ರೂ ಅದೇ ಬಾವಿ ನೀರು ಬರ್ತದ. ನಾವು ಹನ್ನೆರಡು ಕಡೆ ಇಳಿಸೋಣ. ನಿಮಗ ಹೇಳಿದಾರು ಯಾರು, ಬಾಯಿಲೆ ಹೇಳಿದ್ರೋ ಫೋನಿನ್ಯಾಗೋ, ಅವರಿಗೆ ಹೇಳಿದಾರು ಯಾರು, ಅಷ್ಟೇ ಕೇಳ್ಕೋತ ಹಿಂದ ಹೋಗೋಣ."

ಮಧ್ಯಾಹ್ನವೆಲ್ಲ ಮಹಡಿ ಹತ್ತಿ ಇಳಿದು ದೇವಾನಂದನ ಮೊಣಕಾಲು ಮಾತಾಡತೊಡಗಿತು. ಆದರೆ ಎಳೆಗಳು ಹೋಗಿ ಸೇರಿದ ಜಾಗ ಅವನನ್ನು ಬೆರಗುಗೊಳಿಸಿತು. ಹನ್ನೆರಡರಲ್ಲಿ ಒಬ್ಬರಿಗೆ ನೆನಪೇ ಇರಲಿಲ್ಲ. ಇಬ್ಬರಿಗೆ ಭಾಗವ್ವನ ಫೋನು ಹೋಗಿತ್ತು. ಉಳಿದ ಒಂಬತ್ತೂ ಎಳೆಗಳು ಬಾಯಿಂದ ಬಾಯಿಗೆ ಹಿಂದೆ ಹೋಗಿ ನಿಂತದ್ದು ಮೊದಲ ಮಹಡಿಯ ನಲ್ಲಿಯ ಬಳಿ, ಪಾತ್ರೆ ತೊಳೆಯುವ ಮಹಾದೇವಿಯ ಹತ್ತಿರ. ಭಾಗವ್ವನಿಗೂ ಸುದ್ದಿ ಹೇಳಿದವಳು ಅವಳೇ. ಮಹಾದೇವಿಗೆ ಫೋನೇ ಇಲ್ಲ. ಆದ್ದರಿಂದ ಅನಿಲನ ಚಿತ್ರದಲ್ಲಿ ಅವಳಿಗೆ ಒಂದು ಸಾಸಿವೆಯಷ್ಟು ಚುಕ್ಕೆಯೂ ಇರಲಿಲ್ಲ.

"ನಂಗ ಯಾರೂ ಹೇಳಿಲ್ರಿ," ಎಂದಳು ಆ ಮುದುಕಿ. "ವಾಸನಿ ನನ್ನ ಮೂಗಿಗೇ ಬಡೀತು."

"ನಲ್ಲಿ ಕಡೆ ಮತ್ತ್ಯಾರಿದ್ರು?"

"ಸೋಮಣ್ಣ ಇದ್ದ, ನೀರು ಕುಡಿಲಾಕ ಬಂದಿದ್ದ. ಪಾಪ, ಅಂವಾ ಏನೂ ಹೇಳಿಲ್ಲ."

ದೇವಾನಂದನಿಗೆ ನಿರಾಸೆಯಾಯಿತು. ಮುದುಕಿಯ ಮೂಗಿನ ಭ್ರಮೆಗೆ ಬೇಡಿ ತೊಡಿಸುವುದು ಹೇಗೆ? ರಜಿಯಾ ಮಾತ್ರ ಸಮಾಧಾನವಾಗಿ ಪಟ್ಟಿ ಹಿಡಿದು ಭಾಗವ್ವನ ಖಾನಾವಳಿಗೆ ಇಳಿದರು. "ದಿನಾ ಬೆಳಿಗ್ಗೆ ನಿಮಗ ಇಷ್ಟು ಮಂದಿ ಯಾಕ ಫೋನ್ ಮಾಡ್ತಾರ?"

"ಫೋನ್ ಎಲ್ಲಿ ಮಾಡ್ತಾರ್ರೀ, ಮಿಸ್ಡ್ ಕಾಲ್ ಕೊಡ್ತಾರ. ಮಿಸ್ಡ್ ಕಾಲ್ ಬಂದ್ರ ಮಧ್ಯಾಹ್ನದ ಡಬ್ಬಿ ಬೇಕು ಅಂತ. ನಾ ಎತ್ತಂಗಿಲ್ಲ, ಕಟ್ ಮಾಡ್ತೀನಿ. ಎಷ್ಟು ಬಂತೋ ಅಷ್ಟು ಹಿಟ್ಟು ನಾದೂದು. ಮ್ಯಾಲಿನ ಮಹಡ್ಯಾಗ ಕೂತವರೂ ಹಂಗೇ."

ಹೀಗೆ ಡಬ್ಬಿ ತರಿಸುವವರು ಒಟ್ಟು ಮೂವತ್ತಾರು ಜನ. ಆ ಗುರುವಾರ ಮೂವತ್ತಮೂರು. ಮಿಸ್ಡ್ ಕಾಲ್ ಕೊಡದಿದ್ದ ಮೂವರ ಹೆಸರನ್ನು ರಜಿಯಾ ಒಂದು ಚೀಟಿಯಲ್ಲಿ ಬರೆದು ದೇವಾನಂದನಿಗೆ ತೋರಿಸಿದರು: ಯಲ್ಲಾಲಿಂಗ, ಮುಜಾಹಿದ, ಸೋಮನಾಥ. ಯಲ್ಲಾಲಿಂಗ ತಂಗಿಯ ಮದುವೆಗೆ ಊರಿಗೆ ಹೋಗಿ ವಾರವಾಗಿತ್ತು. ಟೇಲರ್ ಮುಜಾಹಿದ ಕೇಳಿದ್ದಕ್ಕೆ ಮುಖ ಗಂಟಿಕ್ಕಿ, ಗುಂಡಿ ತರಲು ದಾದರಿಗೆ ಹೋಗಿದ್ದೆ, ಅದೇನು ಅಪರಾಧವೇ ಎಂದು ಬಾಗಿಲು ಹಾಕಿಕೊಂಡ. ಆ ಮುಖ ಟಿಕೆಟ್ ಇಲ್ಲದವನದೇ ಎಂದು ದೇವಾನಂದ ಅಲ್ಲೇ ತೀರ್ಪು ಕೊಟ್ಟ. ರಜಿಯಾ ನಕ್ಕು ಮತ್ತೆ ಪಟ್ಟಿ ಬಿಚ್ಚಿದರು.

ಭಾನುವಾರ ನಾಲ್ಕು ಗಂಟೆಗೆ ಅಂಗಳ ತುಂಬಿತ್ತು. ಮೇಜಿನ ಹಿಂದೆ ಸೋಮನಾಥ ಭಾಗವ್ವನನ್ನು ಹೊರಹಾಕುವ ಠರಾವು ಬರೆದಿಟ್ಟುಕೊಂಡು ಕೂತಿದ್ದ, ಪಕ್ಕದಲ್ಲಿ ಅನಿಲ. ಗೋಡೆಗೆ ದೊಡ್ಡದು ಮಾಡಿ ಅಂಟಿಸಿದ ಚಿತ್ರ. ಭಾಗವ್ವನನ್ನು ಯಾರೂ ಕೂಡಿಸಿಕೊಳ್ಳಲಿಲ್ಲ. ಅವಳು ಹೋಗಿ ಅದೇ ಕೆಂಪು ಚುಕ್ಕೆಯ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಹದಿನೈದು ವರ್ಷ ಅವಳ ರೊಟ್ಟಿ ತಿಂದವರು ಅವಳ ಕಣ್ಣು ತಪ್ಪಿಸುವುದನ್ನು ನೋಡಿ ದೇವಾನಂದನಿಗೆ ಮೈ ಉರಿಯಿತು.

"ಹೊರಗಿನವರು ಮಾತಾಡೂದು ಬ್ಯಾಡ," ಎಂದ ಸೋಮನಾಥ.

"ನಾ ಕರದೀನಿ," ಎಂದಳು ಭಾಗವ್ವ. "ಇವತ್ತಿನ ತನಕ ಈ ಚಾಳಿನ್ಯಾಗ ನಂದೂ ಒಂದು ಖೋಲಿ ಅದ. ನನ್ನ ಮನಿಗೆ ಬಂದವರು ಮಾತಾಡ್ತಾರ."

ರಜಿಯಾ ಎದ್ದು ನಿಂತರು. ಅವರ ದನಿ ಎತ್ತರದ್ದಲ್ಲ, ಆದರೆ ಕ್ಲಾಸು ಸುಮ್ಮನಾಗುವ ದನಿ.

"ಅನಿಲ, ಈ ಗೆರಿ ಎಲ್ಲಾ ಮಾತುಕತಿ ಅಂದಿ. ಈ ಮೂವತ್ತಮೂರು ಕರೆ ಎಷ್ಟೆಷ್ಟು ಸೆಕೆಂಡಿಂದು?"

ಅನಿಲ ಪಟ್ಟಿ ನೋಡಿದ, ಮತ್ತೊಮ್ಮೆ ನೋಡಿದ. "ಜೀರೋ," ಎಂದ. "ಆಲ್ ಆಫ್ ದೆಮ್. ಡ್ಯುರೇಷನ್ ಕಾಲಮ್ ನಾನು ತಗೊಳ್ಳೇ ಇಲ್ಲ."

"ಅವು ರೊಟ್ಟಿ ಕೇಳೂ ಮಿಸ್ಡ್ ಕಾಲ್. ಸೊನ್ನಿ ಸೆಕೆಂಡಿನ್ಯಾಗ ಗ್ಯಾಸಿನ ಸುದ್ದಿ ಹೇಳೂ ಬಾಯಿ ಯಾರಿಗೂ ಇಲ್ಲ. ಇನ್ನ ನಡುವ ಇದ್ದಾಕಿನೇ ಮಾಡ್ಯಾಳ ಅಂದಿ. ರಾತ್ರಿ ಹದಿನೈದು ದಿನದ ಕರೆ ಕಂಪ್ಯೂಟರಿನ್ಯಾಗ ಹಾಕಿ, ಯಾವುದು ಯಾವ ದಿನದ್ದು ಅನ್ನೂದನ್ನ ಇಸ್ಪೀಟ ಎಲಿ ಕಲಸಿದಂಗ ಸಾವಿರ ಸಲ ಕಲಸಿ ನೋಡಿದೆ. ಸಾವಿರ ಸಲನೂ ಭಾಗವ್ವನೇ ನಡುವ. ಸುದ್ದಿ ಇಲ್ಲದ ಸೋಮವಾರನೂ ಅಕಿನೇ, ಮಂಗಳವಾರನೂ ಅಕಿನೇ. ದಿನಾ ಇರೂದು ಗುರುವಾರದ ಕಳವಿಗೆ ಸಾಕ್ಷಿ ಹೆಂಗಾಗ್ತದ? ಈ ಚಿತ್ರ ತೋರಿಸೂದು ಒಂದೇ: ಈ ಚಾಳಿಗೆ ಅನ್ನ ಹಾಕೂ ಕೈ ಯಾವುದು ಅಂತ."

ಅಂಗಳದಲ್ಲಿ ಗುಜುಗುಜು ಎದ್ದಿತು. ಸೋಮನಾಥ ಠರಾವಿನ ಮೇಲೆ ಅಂಗೈ ಇಟ್ಟ. "ಅಕಿ ಅಲ್ಲಂದ್ರ ಮತ್ತ್ಯಾರು?"

"ಅದಕ್ಕ ದಿನಾ ಇರೂದನ್ನ ಬಿಟ್ಟು, ಅವತ್ತು ಬ್ಯಾರೆ ಏನಿತ್ತು ಅಂತ ನೋಡಿದೆ. ಬಂದ ಕರೆ ಎಲ್ಲಾ ದಿನದಂಗೇ ಇದ್ದವು. ಬರದ ಕರೆ ಮೂರು. ಯಲ್ಲಾಲಿಂಗ ಮದುವಿಗೆ ಹೋಗ್ಯಾನ, ಇಲ್ಲಿಲ್ಲ. ಮುಜಾಹಿದ ಹಿಂದಿನ ಗುರುವಾರನೂ ಡಬ್ಬಿ ಹೇಳಿಲ್ಲ. ಗುರುವಾರ ಅಂದ್ರ ಅಂವಗ ದಾದರ್. ಉಳಿದಾಂವ ಒಬ್ಬನೇ. ಹದಿನೈದು ದಿನದಾಗ ಒಂದು ದಿನಾನೂ ತಪ್ಪಿಸದಾಂವ ಅವತ್ತು ಮಾತ್ರ ತಪ್ಪಿಸ್ಯಾನ. ಸೋಮನಾಥ, ಅವತ್ತು ಭಾಗವ್ವನ ಒಲಿ ಹೊತ್ತಂಗಿಲ್ಲ ಅಂತ ಹನ್ನೊಂದಕ್ಕೇ ನಿಮಗ ಹೆಂಗ ಗೊತ್ತಾತು?"

ದೇವಾನಂದ ಮುಜಾಹಿದನ ಕಡೆ ನೋಡದೆ ನೆಲ ನೋಡಿದ. ಮುಖ ಓದುವ ವಿದ್ಯೆ ಕೈಕೊಟ್ಟಿತ್ತು.

"ಹಸಿವಿರಲಿಲ್ಲ," ಎಂದ ಸೋಮನಾಥ. "ಒಂದು ಹೊತ್ತು ಉಣ್ಣದಿದ್ರ ಕಳ್ಳ ಆಗ್ತಾನೇನು?"

"ಆಗಂಗಿಲ್ಲ. ಇಷ್ಟಕ್ಕೇ ಯಾರನ್ನೂ ಕಳ್ಳ ಅನ್ನಬಾರದು. ಅಲ್ಲಿ ಹುಡುಕು ಅಂತ ಅದು ಹೇಳ್ತದ, ಅಷ್ಟೇ. ಹುಡುಕಿದೆ. ಸುದ್ದಿ ಬಂದಾಗಿಂದ ಹನ್ನೆರಡೂವರಿ ತನಕ ಕಟ್ಟಡ ಬಿಟ್ಟಿಲ್ಲ, ನೇರ ಮೈದಾನಕ್ಕ ಹೋದೆ ಅಂತ ನೀವೇ ಅಂದ್ರಿ. ಕೈಯಾಗ ಸ್ಟೇಷನ್ ಹೋಟೆಲಿನ ಇಡ್ಲಿ ಇತ್ತು. ಅಂಗಾರ ತಿಂದಾನ. ಅಂದ್ರ ಅದನ್ನ ತಂದದ್ದು ಸುದ್ದಿ ಹುಟ್ಟೂಕ್ಕಿಂತ ಮೊದಲ."

"ಬೆಳಿಗ್ಗೆ ನಾಷ್ಟಾಕ್ಕ ತಂದಿದ್ದೆ, ಉಳಿದಿತ್ತು."

"ಸುಳ್ಳು," ಎಂದಳು ಭಾಗವ್ವ. "ಎಂಟಕ್ಕ ನನ್ನ ಖಾನಾವಳ್ಯಾಗ ಕೂತು ಎರಡು ಸಲ ಹಾಕಿಸಿಕೊಂಡು ಉಪ್ಪಿಟ್ಟು ತಿಂದಿ."

ಯಾರೋ ಒಬ್ಬರು ಹೌದೆಂದರು, ಬಳಿಕ ಇನ್ನೊಬ್ಬರು. ರಜಿಯಾ ಮಹಾದೇವಿಯ ಕಡೆ ತಿರುಗಿದರು. "ಅವ್ವಾ, ಹನ್ನೆರಡು ಮನಿಯಿಂದ ಹಿಂದ ಬಂದೆ, ಹನ್ನೊಂದು ಎಳಿ ನಿಮ್ಮ ಹಂತೇಲೆ ಬಂದು ನಿಂತವು. ಸೋಮಣ್ಣ ನಿಮಗ ಏನೂ ಹೇಳಿಲ್ಲ ಅಂದ್ರಿ. ಏನರೆ ಕೇಳಿದ್ನೇನು?"

ಮುದುಕಿ ಸೆರಗಿನ ತುದಿ ಹಿಡಿದು ಯೋಚಿಸಿದಳು. "ವಾಸನಿ ಬರ್ತದೇನು, ಗ್ಯಾಸ್ ಇದ್ದಂಗ, ಅಂತ ಕೇಳಿದ. ಮೂಗು ಏರಿಸಿದೆ. ಹೌದಲ್ಲ ಅನ್ನಿಸ್ತು."

"ಹೇಳಿದ್ರ ಹೆಸರು ಉಳೀತದ, ಕೇಳಿದ್ರ ಉಳಿಯಂಗಿಲ್ಲ," ಎಂದರು ರಜಿಯಾ. "ಫೋನ್ ಇಲ್ಲದ ಮುದುಕಿನ್ನ ಆರಿಸಿದ್ರು, ಯಾವ ಪಟ್ಟ್ಯಾಗೂ ಬರಬಾರದು ಅಂತ. ಚಾಳು ಖಾಲಿ ಮಾಡಿಸಿದ್ರು, ಕಡೀಗೆ ಉಳಿದಾಂವ ನೀವೇ. ಆಮ್ಯಾಲ ಅಳಿಯನ ಕೈಯಾಗ ಭಾಗವ್ವನ ಫೋನ್ ಕೊಟ್ಟು ಇಲ್ಲಿಂದ ಶುರು ಮಾಡು ಅಂದ್ರಿ. ಎಲ್ಲಿಂದ ಶುರು ಮಾಡಿದ್ರ ಎಲ್ಲಿಗೆ ಮುಟ್ತದ ಅಂತ ನಿಮಗ ಗೊತ್ತಿತ್ತು. ಒಂದೊಂದೇ ಎಳಿ ಹರೀತದ. ನಾಕೂ ಹೊಸೆದ್ರ ಹಗ್ಗ."

ಅನಿಲ ಎದ್ದು ಹೋಗಿ ಗೋಡೆಯ ಚಿತ್ರವನ್ನು ಕಿತ್ತ. ಮಾಮಾನ ಮುಖ ನೋಡದೆ, "ನನ್ನ ಕೈಯಿಂದ ಮಾಡಿಸಿದಿರಿ," ಎಂದ. ಅಷ್ಟು ಶುದ್ಧ ಕನ್ನಡ ಅವನ ಬಾಯಿಂದ ಅಲ್ಲಿಯವರೆಗೆ ಬಂದಿರಲಿಲ್ಲ.

ಸೋಮನಾಥ ಮೇಜನ್ನು ತಳ್ಳಿ ಎದ್ದ. "ಹೌದು, ನಾನೇ. ಪತ್ರ ಹಿಂದಿನ ಗೇಟಿನ್ಯಾಗ ಬಿಲ್ಡರ್‌ನ ಮನುಷ್ಯಾಗ ಕೊಟ್ಟೆ, ಅಂವಾ ಅಲ್ಲೇ ಹರದ. ಮೂರು ಕೋಣಿ ಮನಿ ಕೊಡ್ತೀನಂದಾನ. ಈ ಹೆಬ್ಬೆಟ್ಟಿನ ಮಂದಿ ಬಿಲ್ಡರ್ ಎದುರು ಗೆಲ್ತಾರಂತ ಯಾರು ಹೇಳಿದ್ರು ನಿಮಗ? ಹೆಂಗೂ ಹೋಗೂ ಚಾಳು, ನಾನರೆ ಬದುಕಬಾರದೇನು?" ಎಂದವನೇ ಮೆಟ್ಟಿಲು ಹತ್ತಿ ತನ್ನ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನಾಲ್ಕಾರು ಮಂದಿ ಹಿಂದೆ ನುಗ್ಗಲು ಹೊರಟರು.

"ನಿಲ್ರಿ," ಎಂದಳು ಭಾಗವ್ವ. "ಅಂವನ್ನ ಬಡದ್ರ ನಾಳೆ ವಿಚಾರಣೆಗೆ ಬಡದಾಟದ ಕೇಸು ಒಯ್ತೀರೇನು? ಒಂದು ಚಿತ್ರ ನೋಡಿ ನನ್ನ ಬಿಟ್ಟು ಕೊಟ್ರಿ. ಆ ಜಗಳ ನಿಮ್ಮ ಜೋಡಿ ಆಮ್ಯಾಲ ಮಾಡ್ತೀನಿ, ಬಿಡಂಗಿಲ್ಲ. ಈಗ ಕಾಗದ ತರ್ರಿ."

ಅವಳು ಮೇಜಿನ ಮೇಲಿನ ಠರಾವನ್ನು ಹರಿದು, ಇಂಕ್ ಪ್ಯಾಡ್ ಇಟ್ಟು, ಮೊದಲು ತನ್ನ ಹೆಬ್ಬೆಟ್ಟು ಒತ್ತಿದಳು. ಅನಿಲ ಕೂತು ಪತ್ರ ಬರೆಯತೊಡಗಿದ. ಅಕ್ಷರ ತಪ್ಪಿದಲ್ಲೆಲ್ಲ ದೇವಾನಂದ ತಿದ್ದಿದ. ಮಹಾದೇವಿ ಬಂದಳು, ಅಂಗಾರ ಬಂದ, ಮುಜಾಹಿದ ದೇವಾನಂದನನ್ನು ಒಮ್ಮೆ ದುರುಗುಟ್ಟಿ ನೋಡಿ ಒತ್ತಿದ. ಕೆಲವರು ಕ್ಷಮೆ ಕೇಳಲು ಬಾಯಿ ತೆರೆದರೆ ಭಾಗವ್ವ, ಮುಂದ ನಡೀರಿ ಎಂದಳು. ಆರು ಗಂಟೆಯ ಹೊತ್ತಿಗೆ ನಲವತ್ತು ಪತ್ರಗಳಾದವು. ಮದುವೆಗೆ ಊರಿಗೆ ಹೋಗಿದ್ದ ಯಲ್ಲಾಲಿಂಗನ ಬದಲು ಅವನ ಹೆಂಡತಿ ಒತ್ತಿದ್ದಳು.

"ಒಂದು ಕಡಿಮಿ ಅದ," ಎಂದಳು ಭಾಗವ್ವ. ಪ್ಯಾಡನ್ನೂ ಒಂದು ಹಾಳೆಯನ್ನೂ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಏನು ಮಾಡುತ್ತಾಳೋ ಎಂದು ದೇವಾನಂದ ನೋಯುವ ಮೊಣಕಾಲಿನಲ್ಲೇ ಹಿಂದೆ ಓಡಿದ.

ಸೋಮನಾಥನ ಬಾಗಿಲನ್ನು ಅವಳು ಅಂಗೈಯಿಂದ ಬಡಿದಳು. ಬಹಳ ಹೊತ್ತಿಗೆ ಅದು ತೆರೆಯಿತು.

"ನಿನಗೂ ಇಲ್ಲಿ ಒಂದು ಖೋಲಿ ಅದ," ಎಂದಳು ಭಾಗವ್ವ. "ಅದನ್ನೂ ನಾ ಬಿಟ್ಟು ಕೊಡಂಗಿಲ್ಲ. ಹಾಕು."

ಸೋಮನಾಥ ಹಾಳೆ ನೋಡಿದ, ಅವಳನ್ನು ನೋಡಿದ. ಕಡೆಗೆ ಅವನ ಕೈ ಜೇಬಿನ ಪೆನ್ನಿಗೆ ಹೋಯಿತು. ಭಾಗವ್ವ ಪೆನ್ನನ್ನು ಪಕ್ಕಕ್ಕೆ ಸರಿಸಿ ಇಂಕ್ ಪ್ಯಾಡನ್ನು ಅವನ ಮುಂದೆ ಹಿಡಿದಳು.

"ಸಹಿ ಬ್ಯಾಡ. ಹೆಬ್ಬೆಟ್ಟಿನ ಮಂದಿ ಗೆಲ್ಲಂಗಿಲ್ಲ ಅಂದಿಯಲ್ಲ, ನೀನೂ ಹೆಬ್ಬೆಟ್ಟೇ ಒತ್ತು."

ಅವನು ಒತ್ತಿದ.